ಒಂಟಿ ಬ್ಯಾಟರಿಯ ಕುಂಕುಮ

ಕರಜಗಿಯ ಹೊಲದಲ್ಲಿರುವ ನಮ್ಮ ಮನೆಗೆ ಕರೆಂಟಿನ ಕಂಬ ಬಂದಿಲ್ಲ. ನನ್ನ ಗಂಡ ಗುರುಸಿದ್ಧ ಮಾಳಿಗೆಯ ಮೇಲೆ ಸೋಲಾರ್ ಪ್ಲೇಟು, ಕೆಳಗೆ ಎರಡು ಬ್ಯಾಟರಿ ಕೂಡಿಸಿ, ಅವುಗಳ ಆರೈಕೆ ನನಗೆ ಕಲಿಸಿ, ಹೋಟಗಿ ರಸ್ತೆಯಲ್ಲಿ ಮೋಟರ್‌ಸೈಕಲ್ ಸಮೇತ ತೀರಿಹೋದ. ಕಲಿಸಿ ಹೋದದ್ದು ಒಳ್ಳೆಯದಾಯಿತು. ನನ್ನ ಫಿಜಿಕ್ಸ್ ಎಂ.ಎಸ್ಸಿ.ಗೆ ಸಿಕ್ಕಿದ್ದು ಅದೊಂದೇ ನೌಕರಿ.

ಮೈದುನ ಪಪ್ಪು ಹೋಟಗಿಯಲ್ಲಿ ರೈಲ್ವೆ ಕೆಲಸಕ್ಕಿದ್ದಾನೆ. ಈ ಮನೆಗೆ ಬೀಗ ಹಾಕಿ ಅತ್ತೆಯನ್ನೂ ನನ್ನನ್ನೂ ಕರೆದೊಯ್ಯುವುದು ಅವನ ಆಸೆ. ಅತ್ತೆ ಸುಗಲಾಬಾಯಿ, "ಇಲ್ಲಿ ದೀಪ ಉರಿಯೂತನಕ ಬರಂಗಿಲ್ಲ" ಎಂದಿದ್ದರು. ಅಲ್ಲಿ ನನಗೆ ಕಾದಿದ್ದದ್ದು ಅಡುಗೆಮನೆಯ ಮೂಲೆ. ಹೀಗಾಗಿ ತಿಂಗಳು ತಪ್ಪದೆ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕುತ್ತಿದ್ದೆ. ಊರವರು ಅದನ್ನು ಪತಿಭಕ್ತಿ ಎಂದುಕೊಂಡರು.

ಖಂಡೇನವಮಿಗೆ ಪಪ್ಪುವಿನ ಹೆಂಡತಿ ಪಿಂಕಿ ಬಂದಳು. ಕುಡಗೋಲು, ಹೊಲಿಗೆ ಯಂತ್ರ, ಬ್ಯಾಟರಿ ಎಲ್ಲಕ್ಕೂ ಪೂಜೆ.

"ನೀ ಮುಟ್ಟಬ್ಯಾಡವಾ. ಪಿಂಕಿ ಮುತ್ತೈದಿ, ಆಕಿ ಕುಂಕುಮ ಹಚ್ಚಲಿ" ಎಂದರು ಅತ್ತೆ.

ವರ್ಷವೆಲ್ಲ ನೀರು ಹಾಕುವ ಕೈಗೆ ಅಂದು ರಜೆ. ಹೋಳಿಗೆ ಬೇಯಿಸಿ ಬರುವಷ್ಟರಲ್ಲಿ ಒಂದು ಬ್ಯಾಟರಿಯ ಮುಚ್ಚಳಗಳು ತೆರೆದಿದ್ದವು. ಪಿಂಕಿಯ ಕೈಯಲ್ಲಿ ತಂಬಿಗೆ.

"ಏನ್ ಹಾಕಿದಿ?"

"ಅಕ್ಕಲಕೋಟದ ತೀರ್ಥ, ಅಕ್ಕಾ. ಚೂರು ಪಂಚಾಮೃತ."

"ದಿನಾ ಅಂಗಡಿ ನೀರು ಕುಡಿತೈತಿ. ಹಬ್ಬದಾಗರ ಚಲೋದು ಕುಡೀಲಿ" ಎಂದರು ಅತ್ತೆ.

"ಅತ್ತಿ, ಒಳಗ ಆ್ಯಸಿಡ್ ಇರ್ತೈತ್ರಿ!"

"ಅದಕ್ಕ ಮತ್ತ. ತಂಪಾಗಲಿ."

ಪಿಂಕಿ ಎರಡನೆಯದರತ್ತ ಬಾಗಿದಳು. ವಿಜ್ಞಾನ ನಡೆಯುವ ಜಾಗ ಅದಾಗಿರಲಿಲ್ಲ.

"ಅದರದು ಇವತ್ತ ನವಮಿ ಉಪವಾಸ ಐತ್ರಿ" ಎಂದೆ.

ಅತ್ತೆ ತಕ್ಷಣ ಒಪ್ಪಿದರು. "ಹಂಗಾರ ಬ್ಯಾಡ. ಕುಂಕುಮ ಅಷ್ಟ ಹಚ್ಚು, ಪಿಂಕಿ."

ದೀಪಾವಳಿಯ ಹೊತ್ತಿಗೆ ತೀರ್ಥ ಕುಡಿದದ್ದು ಸತ್ತಿತು, ಜೊತೆಯದನ್ನೂ ಬರಿದು ಮಾಡಿತು. ಹಬ್ಬಕ್ಕೇ ಮನೆ ಕತ್ತಲು. ಮರುದಿನ ಬೆಳಿಗ್ಗೆ ಪಪ್ಪು ಟೆಂಪೋ ತಂದ. ಇಷ್ಟು ಬೇಗ ಅವನು ಅಣ್ಣನ ಮಣ್ಣಿಗೂ ಬಂದಿರಲಿಲ್ಲ.

"ವೈನಿ, ದೀಪ ಹೋತು. ಸಾಮಾನು ಕಟ್ರಿ."

ಅತ್ತೆ ನನ್ನತ್ತ ನೋಡಿದರು. "ಪೂಜಿ ಆದಮ್ಯಾಲ ನೀ ಮುಟ್ಟಿದ್ದೇನು?"

"ವೈರ್ ಅಷ್ಟ ಒರೆಸಿದ್ದೆರಿ."

"ಅದಕ್ಕ."

"ಹೊತ್ತು ಮುಳುಗೂತನಕ ತಡಿಯಪಾ" ಎಂದು ಪಪ್ಪುವಿಗೆ ಹೇಳಿ ನಟ್ಟು ಬಿಚ್ಚುವ ಪಾನಾ ಹಿಡಿದು ಕೂತೆ. ಸತ್ತದ್ದರ ವೈರು ಬಿಚ್ಚಿ ಹೊರಗಿಟ್ಟೆ. ಉಪವಾಸದ್ದೊಂದನ್ನೇ ಸೋಲಾರ್ ಪ್ಲೇಟಿಗೆ ಜೋಡಿಸಿದೆ. ದಿನವಿಡೀ ಬಿಸಿಲು ತನ್ನ ಕೆಲಸ ಮಾಡಿತು, ಪಪ್ಪು ಚಹಾ ಕುಡಿದ.

ಸಂಜೆ ಸ್ವಿಚ್ ಒತ್ತಿದೆ. ದೀಪ ಹತ್ತಿತು.

"ಇನ್ನ ಟೀವಿ ಹಾಕಿದ್ರ ಫ್ಯಾನ್ ಇಲ್ರಿ, ಅತ್ತಿ."

"ಟೀವಿನ ಇರಲಿ. ಪಪ್ಪು, ಟೆಂಪೋ ಹೊಳ್ಳಸು. ಸೀರಿಯಲ್ ಸುರು ಆತು."

ಅವನು ಹೋದ ಮೇಲೆ ಅತ್ತೆ ಉಳಿದ ಬ್ಯಾಟರಿಯ ಮೈ ಸವರಿದರು. "ಪಾಪ, ಒಂಟಿ ಆತು. ಇದಕ್ಕೊಂದು ಹೊಸಾ ಜೋಡಿ ತರೂಣು."

"ಹಳೇದಕ್ಕ ಹೊಸಾದು ಕೂಡಂಗಿಲ್ರಿ. ಒಂಟೀನ ಇರಲಿ. ನಡಸ್ತೈತಿ."

ಅದರ ಹಣೆಯ ಮೇಲೆ ಪಿಂಕಿ ಹಚ್ಚಿದ ಕುಂಕುಮ ಹಾಗೇ ಇತ್ತು. ಅಳಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ನಾನೂ ನೆನಪಿಸಲಿಲ್ಲ.