ಎರಡು ಕಿವಿಯ ಗಂಟು

ದಾರ ನೆಲದ ಮೇಲೆ ಎಳೆದುಕೊಂಡು ಬರುತ್ತಿದೆ, ಬೂಟು ಮುಂದೆ ದಾರ ಹಿಂದೆ, ಅದರ ತುದಿಗೆ ಒಣಗಿದ ಬೇವಿನೆಲೆಯೊಂದು ಸಿಕ್ಕಿಕೊಂಡು ಅದೂ ಬರುತ್ತಿದೆ, ಹಾಕಿಕೊಂಡವನಿಗೆ ಗೊತ್ತಿಲ್ಲ, ಗೌಡರ ಮಗ ದೇವಿಂದ್ರಪ್ಪನಿಗೆ ಬೂಟಿನೊಳಗೆ ಕಾಲು ತೂರಿಸುವುದು ಬಂದಿದೆ, ದಾರ ಕಟ್ಟುವುದು ಬಂದಿಲ್ಲ, ಎಲ್ಲಿಂದ ಬರಬೇಕು, ಮಿಲಿಟರಿ ಬರುವ ತನಕ ಅವನೂ ಚಪ್ಪಲಿ ಮೆಟ್ಟಿದವನೇ, ಈ ಬೂಟು ಓಡಿಹೋದ ಯಾವನೋ ರಜಾಕಾರ ಬಿಟ್ಟದ್ದು, ಯಾರ ಮಗನದೋ — ನಾನು ದಾರ ಯಾಕೆ ನೋಡುತ್ತಿದ್ದೇನೆ, ಕಾಲು ನೋಡಬೇಕು, ಕಾಲು. ಬೇವಿನ ಮರದ ಕೆಳಗೆ ನಮ್ಮ ಕೇರಿಯ ಹುಡುಗರೆಲ್ಲ ಸಾಲಾಗಿ ಕೂತಿದ್ದಾರೆ, ಪಂಕ್ತಿಗೆ ಕೂತವರ ಹಾಗೆ, ಆದರೆ ಪಂಕ್ತಿಯಲ್ಲಿ ಯಾರೂ ಹೀಗೆ ಕಾಲು ಚಾಚುವುದಿಲ್ಲ, ಸಾಲಿನ ಆ ತುದಿಯಲ್ಲಿ ನನ್ನ ತುಕಾರಾಮ, ತಲೆ ತಗ್ಗಿಸಿದ್ದಾನೆ, ಹಾಗೇ ಇರು ಮಗನೇ, ಎತ್ತಬೇಡ. ನಾವು ಹೆಂಗಸರು ಗೌಡರ ಮನೆಯ ಕಟ್ಟೆಯಿಂದ ದೂರ ನಿಂತಿದ್ದೇವೆ, ನಮ್ಮ ಹಿಂದೆ ದೇವಿಂದ್ರಪ್ಪನ ಗುಂಪಿನ ಹುಡುಗರು ಬಡಿಗೆ ಅಡ್ಡ ಹಿಡಿದಿದ್ದಾರೆ, ಮುಂದೆ ಹೋಗುವಂತಿಲ್ಲ, ಹಿಂದೆ ಸರಿಯುವಂತಿಲ್ಲ, ಏ ಮುದುಕಿ ಅಲ್ಲೇ ನಿಲ್ಲು ಅಂದ ಒಬ್ಬ, ನಾನೇನು ಮುದುಕಿಯೇ, ಅವನನ್ನು ತೊಟ್ಟಿಲಿಗೆ ಹಾಕಿದ ದಿನ ಅವರ ಅಂಗಳ ಗುಡಿಸಿದವಳು ನಾನು. ರಜಾಕಾರರೊಳಗ ಬೂಟು ಹಾಕ್ಕೊಂಡು ಅಡ್ಡಾಡಿದವನ ಕಾಲು ಬೆಳ್ಳಗಿರತಾವ, ಕಣಕಾಲಿಂದ ಕೆಳಗ ನೋಡ್ರಿ, ಅಂಗಿ ಸುಟ್ಟಿರಬೌದು ಟೊಪ್ಪಿಗಿ ಸುಟ್ಟಿರಬೌದು, ಕಾಲು ಎಲ್ಲಿ ಸುಡತಾರ, ಇದು ದೇವಿಂದ್ರಪ್ಪ ಕಂಡುಕೊಂಡ ಉಪಾಯ, ಹೇಳಿ ನಕ್ಕ, ಅವನ ಗುಂಪೂ ನಕ್ಕಿತು. ಆಚೆ ಊರಿನಲ್ಲಿ ಬಿಳಿ ಕಾಲಿನವರು ಇಬ್ಬರು ಸಿಕ್ಕರಂತೆ, ಹಳ್ಳದ ಕಡೆಗೆ ನಡೆಸಿಕೊಂಡು ಹೋದರಂತೆ, ಆ ಇಬ್ಬರ ಹೆಸರನ್ನು ಮತ್ತೆ ಯಾರೂ ಎತ್ತುತ್ತಿಲ್ಲ, ಅವರ ತಾಯಂದಿರೂ ಎತ್ತುತ್ತಿಲ್ಲ.

ಬೆಳ್ಳಗಿದ್ದವು ನನ್ನ ಮಗನ ಕಾಲು, ಬಾಳೆದಿಂಡಿನ ಒಳಗಿನ ಬಿಳುಪು, ಹುಮನಾಬಾದಿನ ಕಡೆಯಿಂದ ರಜಾಕಾರರನ್ನು ಹಿಡಿಯಲು ಮಿಲಿಟರಿ ಲಾರಿಗಳು ಇಳಿದ ದಿನ ರಸ್ತೆ ಬಿಟ್ಟು ತೊಗರಿ ಹೊಲದೊಳಗೆ ಹಾದು ಬಂದ, ಬೂಟು ಎಲ್ಲೋ ಎಸೆದಿದ್ದ, ಅಂಗಾಲು ಸೀಳಿ ರಕ್ತ, ಹುಟ್ಟಿದಾಗಿಂದ ಬರಿಗಾಲಲ್ಲಿ ನಡೆದವನ ಅಂಗಾಲು ಬೂಟಿನೊಳಗಿದ್ದು ಇದ್ದು ಕೂಸಿನ ಅಂಗಾಲಿನಷ್ಟು ಮೆತ್ತಗಾಗಿತ್ತು, ತೊಳೆಯುತ್ತಾ ನಾನು ಅದರ ಮೇಲೆ ಕೈಯಾಡಿಸುತ್ತಲೇ ಇದ್ದೆ, ಎಷ್ಟು ಚೆಂದದ ಕಾಲು, ನಮ್ಮ ಮನೆಯಲ್ಲಿ ಇಂಥ ಕಾಲು ಯಾರಿಗಿತ್ತು, ಅವ್ವಾ ಬಿಡವ್ವ ನೋಯ್ತದ ಅಂದ. ಖಾಕಿ ಅಂಗಿ ಒಲೆಗೆ ಹಾಕಿದೆವು, ಗುಂಡಿಗಳು ಬೂದಿಯಲ್ಲಿ ಉಳಿದವು, ಅವನ್ನು ತಿಪ್ಪೆಯಲ್ಲಿ ಹೂತೆ, ಕಾಲನ್ನು ಎಲ್ಲಿ ಹೂಳಲಿ. ಕೆಸರು ಬಳಿದರೆ ತೊಳೆಸುತ್ತಾರೆ, ತೊಳೆಸುತ್ತಿದ್ದಾರೆ ನೋಡು ಈಗ, ಒಬ್ಬ ಕೊಡದಿಂದ ನೀರು ಸುರಿಯುತ್ತಾನೆ, ಒಬ್ಬ ಚಿಂದಿಯಿಂದ ತಿಕ್ಕುತ್ತಾನೆ, ಆಮೇಲೆ ದೇವಿಂದ್ರಪ್ಪ ಬಗ್ಗಿ ನೋಡುತ್ತಾನೆ. ಬಾಳೆಯ ಸೊನೆ ಹಾಗೆ ಹೋಗುವುದಿಲ್ಲ, ಗೌಡರ ತೋಟದಲ್ಲಿ ಕೆಂಬಾಳೆ ಗೊನೆ ಹೊತ್ತವಳು ನಾನು, ಕರೆ ಹತ್ತದ ಸೀರೆ ನನ್ನಲ್ಲಿ ಒಂದೂ ಇಲ್ಲ, ಬರುವಾಗ ನೀರಿನ ಹಾಗೆ ಬರುತ್ತದೆ, ಒಣಗುತ್ತಾ ಕಂದು, ಆಮೇಲೆ ಚರ್ಮದ ಬಣ್ಣವೇ ಅದು. ಮೊನ್ನೆ ತೋಟದಲ್ಲಿ ಕುಡುಗೋಲು ಹಿಡಿದು ದಿಂಡು ಸೀಳುತ್ತಿದ್ದೆ, ಹಿಂದೆ ಅಂಬಮ್ಮ ಗೌಡತಿ, ದೇವಿಂದ್ರಪ್ಪನ ತಾಯಿ, ನನ್ನ ಕೈ ಅಲ್ಲೇ ನಿಂತಿತು, ಗೊನೆ ಕಡಿಯುವ ದಿನವಲ್ಲ, ಕೆಲಸಕ್ಕೆ ಕರೆದಿಲ್ಲ, ಏನು ಹೇಳಲಿ, ಅವರು ನನ್ನ ಮುಖ ನೋಡಲಿಲ್ಲ, ಮಡಕೆಯ ತಳದಲ್ಲಿದ್ದ ಸೊನೆ ನೋಡಿದರು, ಎಳೇದು ಯಾಕ ಕಡಿತಿ ಶೇವಂತಾ, ಬಲತದ್ದು ಕಡಿ, ಅದರ ಕರೆ ಗಟ್ಟಿ ಹಿಡಿತದ, ಅಷ್ಟು ಹೇಳಿ ಸೆರಗು ಹೊದ್ದುಕೊಂಡು ಹೋದರು. ಕೇಳಲಿಲ್ಲ, ಯಾಕೆಂದು ಕೇಳಲೇ ಇಲ್ಲ. ಬಲತ ದಿಂಡಿನ ಸೊನೆಯನ್ನೇ ಆ ರಾತ್ರಿ ಮಗನ ಕಾಲಿಗೆ ಬಳಿದೆ. ಈಗ ಅಲ್ಲಿ ತಲಬಾಗಿಲಲ್ಲಿ ನಿಂತಿದ್ದಾರೆ, ಅರ್ಧ ಮುಖ ಬಾಗಿಲ ಹಿಂದೆ, ಅವರು ಯಾರ ಕಾಲು ನೋಡುತ್ತಿದ್ದಾರೆ, ನನ್ನ ಮಗನದೋ ತಮ್ಮ ಮಗನದೋ.

ಇದೇ ಅಂಗಳ, ಇದೇ ಬೇವಿನ ಮರ, ಆಗ ತುಕಾರಾಮನಿಗೆ ಮೀಸೆ ಚಿಗುರಿರಲಿಲ್ಲ, ದರ್ಜಿ ಕರೀಂಸಾಬನ ಹೆಂಡತಿ ಜುಬೇದಾ ತನ್ನ ಗಂಡನ ಹಳೆಯ ಚಪ್ಪಲಿ ಕೊಟ್ಟಿದ್ದಳು, ಬಿಸಿಲಾಗ ಪೋರನ ಕಾಲು ಸುಡತಾವ ಶೇವಂತಾ ಇಟ್ಕೋ, ಹುಡುಗ ಮೆಟ್ಟಿಕೊಂಡು ಗೌಡರ ಮನೆಯ ಮುಂದೆ ಹಾದುಬಿಟ್ಟ, ನಾವು ಕೇರಿಯವರು ಚಪ್ಪಲಿ ಕೈಯಲ್ಲಿ ಹಿಡಿದು ಹಾಯುವ ಜಾಗ, ಮರೆತನೋ ಬೇಕೆಂದೇ ಹಾದನೋ, ಆಳುಗಳು ಹಿಡಿದರು, ಎರಡೂ ಚಪ್ಪಲಿ ಅವನ ತಲೆಯ ಮೇಲಿಟ್ಟು ಊರೆಲ್ಲ ಸುತ್ತಿಸಿದರು, ಕಟ್ಟೆಯ ಮೇಲೆ ನಿಂತು ನಕ್ಕವರಲ್ಲಿ ದೇವಿಂದ್ರಪ್ಪನೂ ಇದ್ದ, ಅವನೂ ಹುಡುಗನೇ, ಎಲ್ಲರೂ ನಕ್ಕರೆಂದು ನಕ್ಕ. ಮನೆಗೆ ಬಂದ ಮಗ ಅಳಲಿಲ್ಲ, ತಲೆಯ ಧೂಳು ಕೊಡವಲಿಲ್ಲ, ನಾ ಕಲಬುರಗಿಗೆ ಹೋಗ್ತೀನಿ ಅಂದ, ಹೋದ, ಟೇಶನ್ನಿನಲ್ಲಿ ಮೂಟೆ ಹೊತ್ತ, ಅಲ್ಲೇ ಮಲಗಿದ, ಅಲ್ಲೇ ರಜಾಕಾರರು ಕರೆದರು. ಬಾ ಜವಾನ, ಕೂಡು ಅಂದ್ರವ್ವ, ತಮ್ಮ ಮಗ್ಗಲದಾಗೇ ಕೂಡಿಸಿಕೊಂಡ್ರು, ಚಹಾ ಕೊಟ್ರು, ಕಪ್ಪು ಬಸಿ ಸಮೇತ, ಕುಡಿದು ತೊಳೀಲಾಕ ಎದ್ದೆ, ಇಡು ಇಡು ತೊಳ್ಯಾವ ಬ್ಯಾರೆ ಅದಾನ ಅಂದ್ರು. ಇದನ್ನು ಎರಡೆರಡು ಸಲ ಹೇಳಿದ. ಒಂದು ಕಪ್ಪು ಚಹಾಕ್ಕ ಹೋದೇನೋ ಮಗಾ ಅಂದೆ, ಚಹಾಕ್ಕಲ್ಲವ್ವ ಅಂದ. ಗೊತ್ತು, ಚಹಾಕ್ಕಲ್ಲ. ಬಾಳೆ ಬಂಡಿಯ ಹಿಂದೆ ನಾನೂ ಒಮ್ಮೆ ಕಲಬುರಗಿಗೆ ಹೋದೆ, ಕೋಟೆಯ ಹತ್ತಿರದ ಮೈದಾನದಲ್ಲಿ ಬಡಿಗೆ ಹೆಗಲಿಗಿಟ್ಟು ಸಾಲಾಗಿ ನಡೆಯುತ್ತಿದ್ದರು, ಎಲ್ಲರ ಕಾಲೂ ಒಟ್ಟಿಗೆ ಬೀಳುತ್ತಿದ್ದವು, ಯಾರ ಕಾಲು ಯಾವ ಕೇರಿಯದೆಂದು ತಿಳಿಯುತ್ತಿರಲಿಲ್ಲ, ನನ್ನ ಮಗನ ಎದೆ ಅಷ್ಟು ಅಗಲವೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಕರೀಂಸಾಬನೇ ಹೇಳಿ ನೋಡಿದ, ಬ್ಯಾಟಾ, ಈ ಅಂಗಿ ಹೊಲದು ಹೊಲದು ನನ್ನ ಕೈ ನೋಯ್ತಾವ, ಹಾಕ್ಕೊಂಡವರ ಮಾರಿ ನೋಡಿ ಮನಸ್ಸು ನೋಯ್ತದ, ಬಿಚ್ಚಿ ಇಡಪಾ, ತುಕಾರಾಮ ಗೋಡೆಯ ಕಡೆ ನೋಡಿದ. ಆಮೇಲೆ ಒಂದು ಸಲ ಹಿತ್ತಾಳೆ ತಂಬಿಗೆ ತಂದ, ಯಾರದಿದು ಅಂದೆ, ಸಿಕ್ತು ಅಂದ, ಸಿಕ್ತೋ ಕಸಗೊಂಡ್ರೋ ಅಂದೆ, ತಂಬಿಗೆಯ ಮೇಲೆ ಯಾರೋ ಹೆಣ್ಣುಮಗಳ ಹೆಸರು ಕೆತ್ತಿತ್ತು, ನನಗೆ ಓದಲು ಬರುವುದಿಲ್ಲ, ಬೆರಳಿನಿಂದ ಸವರಿದೆ, ಅದರಲ್ಲಿ ನೀರು ಕುಡಿಯಲಿಲ್ಲ, ತಿರುಗಿ ಕೊಟ್ಟು ಬಾ ಅಂದೆ, ಅಲ್ಲಿ ಯಾರೂ ಇಲ್ಲವ್ವ ಅಂದ, ಯಾಕೆ ಇಲ್ಲ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಅವತ್ತೇ, ನಾನು ಮುನಿಸಿಕೊಂಡಿದ್ದೇನೆಂದು ತಿಳಿದು, ಒಲೆಯ ಮುಂದೆ ಬೂಟು ಚಾಚಿ ಕೂತು ನಗಿಸಲು ನೋಡಿದ, ಇಲ್ಲಿ ನೋಡವ್ವ, ಹಿಂಗ ಒಂದು ಕಿವಿ, ಹಿಂಗ ಒಂದು ಕಿವಿ, ಸುತ್ತಿ ತೂರಿಸಿ ಜಗ್ಗಿದರ ಮೊಲ ಕೂತಂಗ, ಕಲಿಯಲಾಕ ಭಾಳ ದಿನ ಹಿಡೀತು, ಎಲ್ಲಾರ ಮುಂದ ಬೈಸಿಕೊಂಡೀನಿ, ಈಗ ಕಣ್ಣು ಮುಚ್ಚಿ ಕಟ್ಟತೀನಿ, ಕಣ್ಣು ಮುಚ್ಚಿದ, ಬೆರಳು ಮಾತ್ರ ಆಡಿದವು, ಎರಡು ಕಿವಿ ನಿಮಿರಿದವು, ನಾನು ನಕ್ಕೆ, ತಂಬಿಗೆ ಮೂಲೆಯಲ್ಲಿತ್ತು, ನಾನು ನಕ್ಕುಬಿಟ್ಟೆ, ಇನ್ನೊಮ್ಮೆ ಕಟ್ಟು ಅಂದೆ.

ನೀರು ಸುರಿದ ಸದ್ದು, ಸಾಲು ಸರಿಯುತ್ತಿದೆ, ಇನ್ನು ನಾಗಣ್ಣನ ಮಗ, ಆಮೇಲೆ ನನ್ನವನು. ಈ ದೇವಿಂದ್ರಪ್ಪ ಕೆಟ್ಟ ಹುಡುಗನಲ್ಲ, ನನಗೆ ಗೊತ್ತು, ಯಾರಿಗೆ ಹೇಳಲಿ, ಸಣ್ಣವನಿದ್ದಾಗ ತೋಟದಲ್ಲಿ ಜಾಲಿಮುಳ್ಳು ತುಳಿದು ಕುಂಟುತ್ತಾ ಬಂದಿದ್ದ, ಮುಟ್ಟಬಾರದೆಂದು ನಾನು ಹಿಂದೆ ಸರಿದರೆ ತಾನೇ ಕಾಲು ಚಾಚಿದ, ತೆಗಿ ಶೇವಂತಾ, ಅಪ್ಪಗ ಹೇಳಲ್ಲ, ತೆಗೆದೆ, ಮರುದಿನ ಅಂಗಿಯೊಳಗೆ ಒಂದು ಕೆಂಬಾಳೆ ಹಣ್ಣು ಮುಚ್ಚಿಟ್ಟುಕೊಂಡು ಬಂದ, ತಿನ್ನು, ಅಪ್ಪಗ ಹೇಳಬ್ಯಾಡ, ಮೈ ಶಾಖಕ್ಕೆ ಹಣ್ಣು ಬೆಚ್ಚಗಾಗಿತ್ತು. ಎಲ್ಲವೂ ಅಪ್ಪನಿಗೆ ಹೇಳಬಾರದು, ಅಪ್ಪ ಎಂದರೆ ಅಷ್ಟು ಭಯ, ಅಣವೀರಪ್ಪ ಗೌಡರು ಆಳುಗಳ ಮುಂದೆಯೇ ಬೈಯುತ್ತಿದ್ದರು, ಹಕ್ಕಿ ಹೊಡಿಲಾಕೂ ಬರಲ್ಲಲೇ ನಿನಗ, ಗೌಡಕಿ ಏನು ಮಾಡ್ತಿ. ಬೇಸಿಗೆಯಲ್ಲಿ ರಜಾಕಾರರು ಬಂದು ಇದೇ ಕಟ್ಟೆಯ ಮೇಲೆ ಆ ಗೌಡರ ಕೆನ್ನೆಗೆ ಹೊಡೆದರು, ರುಮಾಲು ಉರುಳಿ ಅಂಗಳಕ್ಕೆ ಬಿತ್ತು, ದೇವಿಂದ್ರಪ್ಪ ಬಾಗಿಲ ಸಂದಿಯಲ್ಲಿ ನಿಂತು ನೋಡಿದ, ಹೊರಗೆ ಬರಲಿಲ್ಲ, ಬರಲಿಲ್ಲವೆಂಬುದನ್ನು ಅಪ್ಪ ನೋಡಿದರು. ಆ ದಿನ ನೀ ಅವರ ಜೋಡಿ ಇದ್ದೇನೋ ಎಂದು ನಾನು ತುಕಾರಾಮನನ್ನು ಕೇಳಿದೆ, ಇರಲಿಲ್ಲವ್ವ ಅಂದ, ನಂಬಿದೆ, ನಂಬಬೇಕು. ಮಿಲಿಟರಿ ಬಂದ ಮರುದಿನವೇ ದೇವಿಂದ್ರಪ್ಪನಿಗೆ ಗುಂಪು ಕೂಡಿತು, ಬೂಟು ಸಿಕ್ಕಿತು, ಗುಂಡಿಲ್ಲದ ಬಂದೂಕು ಸಿಕ್ಕಿತು, ಸರದಾರ ಅನ್ನುತ್ತಾರೆ ಅವನನ್ನು, ಸರದಾರ ಎಂದಾಗ ಅವನ ಎದೆಯೂ ಅಗಲವಾಗುತ್ತದೆ, ನಾನು ನೋಡಿದ್ದೇನೆ, ಮೈದಾನದಲ್ಲಿ ನೋಡಿದ ಎದೆಯೇ ಅದು. ಕರೀಂಸಾಬನ ಬಾಗಿಲು ಇವರೇ ಮುರಿದರು, ಹೊಲಿಗೆ ಮಿಶಿನ್ನು ಹೊತ್ತೊಯ್ದರು, ಪುಣ್ಯಕ್ಕೆ ಅವರಿಬ್ಬರೂ ಅದಕ್ಕೂ ಮೊದಲೇ ಕಲಬುರಗಿಯ ದರ್ಗಾಕ್ಕೆ ಹೋಗಿದ್ದರು, ಹೋಗುವಾಗ ಜುಬೇದಾ ತನ್ನ ಆಡು ನನ್ನ ಬಾಗಿಲಿಗೆ ಕಟ್ಟಿದಳು, ಹಾಲು ಹಿಂಡ್ಕೋ, ಬಂದ ಮ್ಯಾಲ ಆಡು ಕೊಡುವಂತಿ, ಆಡು ಈಗಲೂ ಹಗಲೆಲ್ಲ ಆ ಮುರಿದ ಬಾಗಿಲ ಕಡೆಗೇ ನೋಡಿ ಕೂಗುತ್ತದೆ. ನೀರು ಸುರಿಯಿತು. ನನ್ನ ಮಗನ ಕಾಲ ಮೇಲೆ. ಚಿಂದಿ ತಿಕ್ಕುತ್ತಿದೆ, ಹೋಗಬೇಡ ಕರೆಯೇ, ಬಲತ ದಿಂಡಿನ ಕರೆ ನೀನು, ಅಂಬಮ್ಮ ಹೇಳಿ ಕೊಟ್ಟ ಕರೆ, ತಿಕ್ಕುವವನು ಚಿಂದಿ ತಿರುಗಿಸಿ ನೋಡಿದ, ದೇವಿಂದ್ರಪ್ಪ ಬಗ್ಗಿದ, ಬೆರಳ ಸಂದಿ ನೋಡಿದ, ಅಂಗಾಲು ನೋಡಿದ, ಇದೇನು ಗಾಯ, ಹೊಲದಾಗ ಮುಳ್ಳು ಹೊಕ್ಕಾವ್ರೀ ಗೌಡ್ರ, ಎಲ್ಲಿದ್ದಿ ಇಷ್ಟ ದಿನ, ಟೇಶನ್ನಿನಾಗ ಮೂಟಿ ಹೊರತಿದ್ದೆರಿ, ಮೂಟಿ ಹೊರಾವ, ಕಾಲು ನೋಡು ಎಮ್ಮಿ ಕಾಲು ಆದಂಗ ಆಗ್ಯಾವ, ಬಿಡ್ರಿ ಇವನ್ನ. ಬಿಡ್ರಿ ಇವನ್ನ ಅಂದ. ಅಂದನಲ್ಲ, ನಾನು ಕೇಳಿದ್ದು ನಿಜವೇ, ಪಕ್ಕದಲ್ಲಿದ್ದ ಸಾಬಮ್ಮ ನನ್ನ ಮೊಣಕೈ ಮೆಲ್ಲಗೆ ಹಿಡಿದಳು, ನಿಜ, ಅಂಬಮ್ಮ ಬಾಗಿಲ ಚೌಕಟ್ಟಿಗೆ ತಲೆ ಆನಿಸಿದರು, ನಿಜ.

ಎದ್ದು ಬಾ ಮಗನೇ, ಮನೆಗೆ ಹೋಗೋಣ, ಆಡಿನ ಹಾಲು ಕಾಸಿ ಕೊಡುತ್ತೇನೆ — ದೇವಿಂದ್ರಪ್ಪ ತಿರುಗಿದ, ಒಂದು ಬೂಟು ಇನ್ನೊಂದರ ದಾರ ತುಳಿಯಿತು, ಮುಗ್ಗರಿಸಿ ಎರಡೂ ಕೈ ಊರಿದ, ಬಂದೂಕು ಅತ್ತ ಬಿತ್ತು, ಯಾರೋ ಕಿಸಕ್ಕೆಂದರು, ಅವನ ಗುಂಪಿನವರೇ, ಸರದಾರ ಬಿದ್ದನಲೇ, ಎದ್ದ, ಮುಖ ಕೆಂಪಗೆ, ಅಂಗೈ ಕೆಸರು, ಕಟ್ಟೆಯ ಮೇಲೆ ಕೂತ ಅಪ್ಪನ ಕಡೆ ಒಮ್ಮೆ ನೋಡಿದ, ಅಣವೀರಪ್ಪ ಗೌಡರು ಮುಖ ಆಚೆ ತಿರುಗಿಸಿದರು, ಯಾಕೆ ತಿರುಗಿಸಿದಿರಿ ಗೌಡರೇ, ಈಗಲಾದರೂ ಒಮ್ಮೆ ಅವನ ಕಡೆ ನೋಡಬಾರದಿತ್ತೇ. ಯಾರಾದರೂ ಬಗ್ಗಬೇಕು ಈಗ, ಅವನಿಗೆ ಯಾರಾದರೂ ಬಗ್ಗಲೇಬೇಕು, ಕಾಲು ಮುಂದಿಟ್ಟ, ಏ ಮೂಟಿ, ಬಾ ಇಲ್ಲಿ, ದಾರ ಕಟ್ಟು. ನನ್ನ ಮಗ ಎದ್ದ. ಕಟ್ಟಲಿ, ಇದೇನು ಹೊಸದೇ ನಮಗೆ, ಬಗ್ಗಿದರೆ ಬೆನ್ನು ಮುರಿಯುವುದಿಲ್ಲ, ಕಟ್ಟಿ ಬಾ, ಮೊಣಕಾಲೂರಿದ, ಮೊದಲು ದಾರದ ತುದಿಯ ಬೇವಿನೆಲೆ ಬಿಡಿಸಿ ಪಕ್ಕಕ್ಕಿಟ್ಟ, ಎಷ್ಟು ಮೆತ್ತಗೆ ಬಿಡಿಸಿದ, ತುದಿಗಳನ್ನು ಒರೆಸಿದ, ತೂತಿನೊಳಗಿಂದ ಸಮ ಮಾಡಿ ಎಳೆದ — ಇಲ್ಲ. ಇಲ್ಲ ಮಗನೇ, ಹಾಗಲ್ಲ, ದನ ಕಟ್ಟುವ ಗಂಟು ಹಾಕು, ಕಟ್ಟಿಗೆ ಹೊರೆಯ ಗಂಟು ಹಾಕು, ಬಿಚ್ಚಲಾಗದ ಹಾಗೆ ಒಡ್ಡೊಡ್ಡಾಗಿ ಸುತ್ತು, ಬೈಸಿಕೋ, ಒದೆ ತಿನ್ನು, ನಿನಗೆ ಬರುವುದಿಲ್ಲ, ನೀನು ಬೂಟು ಕಂಡವನಲ್ಲ, ಕೂಗಲೇ, ಕೂಗಿದರೆ ತಿಳಿಯುತ್ತದೆ, ಕೂಗದಿದ್ದರೆ ತಿಳಿಯುತ್ತದೆ, ಸೆರಗು ಬಾಯಿಗೆ ತುರುಕಿಕೊಂಡಿದ್ದೇನೆ, ಅವನು ನೋಡುತ್ತಿಲ್ಲ, ತಲೆ ಎತ್ತಬೇಡವೆಂದು ನಾನೇ ಹೇಳಿ ಕಳಿಸಿದ್ದೆ, ಬೇರೇನೋ ಯೋಚಿಸುತ್ತಿದ್ದಾನೆ, ಬದುಕಿಕೊಂಡೆ ಎಂದು ಯೋಚಿಸುತ್ತಿದ್ದಾನೆ, ಬೆರಳು ತಾವೇ ಆಡುತ್ತಿವೆ, ಹಿಂಗ ಒಂದು ಕಿವಿ, ಒಲೆಯ ಬೆಳಕು, ಮೂಲೆಯಲ್ಲಿ ತಂಬಿಗೆ, ಇನ್ನೊಮ್ಮೆ ಕಟ್ಟು ಅಂದವಳು ನಾನು, ಹಿಂಗ ಒಂದು ಕಿವಿ, ಸುತ್ತಿದ, ತೂರಿಸಿದ, ಜಗ್ಗಿದ. ನಗು ನಿಂತಿತು. ನೀರಿನ ಕೊಡ ಹಿಡಿದವನ ಕೈ ನಿಂತಿತು. ಸಾಬಮ್ಮನ ಬೆರಳು ನನ್ನ ಮೊಣಕೈ ಬಿಟ್ಟವು. ದೇವಿಂದ್ರಪ್ಪ ಕಾಲು ಹಿಂದಕ್ಕೆ ತೆಗೆದುಕೊಂಡಿಲ್ಲ, ಬಗ್ಗಿ ನೋಡುತ್ತಿದ್ದಾನೆ, ಮುಳ್ಳು ತೆಗೆದ ಮೇಲೆ ಆ ಜಾಗ ನೋಡಿದ ಹಾಗೆಯೇ ನೋಡುತ್ತಿದ್ದಾನೆ, ತುಕಾರಾಮನ ಕೈ ಇನ್ನೂ ದಾರದ ಮೇಲಿದೆ, ಈಗ ಅವನಿಗೂ ಕಂಡಿದೆ, ಕೆಸರು ಹತ್ತಿದ ಕಪ್ಪು ಬೂಟಿನ ಮೇಲೆ ಒಂದು ಕಿವಿ, ಇನ್ನೊಂದು ಕಿವಿ, ಸಮ, ಎರಡೂ ಸಮ, ಎರಡು ಕಿವಿ, ನಿಮಿರಿದ ಎರಡು ಕಿವಿ, ಎರಡು ಕಿವಿ