ತಲೆಗಿಷ್ಟು ಮಸಾಲೆ

“ಆ ಅನ್ನೇ ಮುಂಡೆ! ಇನ್ನೂ ಅಗಲ ತೆಗಿ. ಅನ್ನ ತಿನ್ನೋವಾಗ ತೆಗಿಯಲ್ವಾ?”

ಮೇಸ್ತ್ರಿ ತನ್ನ ಮೂಗನ್ನು ಹುಡುಗಿಯ ಬಾಯಿಯೊಳಕ್ಕೆ ತುರುಕುವಷ್ಟು ಹತ್ತಿರ ತಂದ. ಅವಳ ಹಿಂದೆ ನಲವತ್ತು ಹೆಂಗಸರು ಸಾಲಾಗಿ ನಿಂತಿದ್ದರು. ಮಸಾಲೆ ಮಂಡಿಯಲ್ಲಿ ದಿನದ ಕೆಲಸ ಮುಗಿಯುವುದೇ ಹೀಗೆ. ಮೊದಲು ಬಟ್ಟೆ ಕೊಡವಬೇಕು, ತುರುಬು ಬಿಚ್ಚಿ ತೋರಿಸಬೇಕು, ಆಮೇಲೆ ಬಾಯಿ ತೆರೆದು ಮೇಸ್ತ್ರಿಯ ಮುಖಕ್ಕೆ ಉಸಿರು ಊದಬೇಕು. ಏಲಕ್ಕಿಯದೋ ಲವಂಗದ್ದೋ ವಾಸನೆ ಬಂದರೆ ಕಳ್ಳಿ. ಬಾರದಿದ್ದರೆ ದೊಡ್ಡ ಕಬ್ಬಿಣದ ಗೇಟು ಒಂದಾಳು ನುಸುಳುವಷ್ಟು ಹೊರಕ್ಕೆ ತೆರೆದುಕೊಳ್ಳುತ್ತದೆ.

ಇದರಲ್ಲಿ ತಮಾಷೆಯೆಂದರೆ ಮೇಸ್ತ್ರಿಯ ಮೂಗು ಸತ್ತು ಏಳು ವರ್ಷವಾಗಿತ್ತು. ಮೆಣಸಿನಕಾಯಿ ಧೂಳು ಅದನ್ನು ತಿಂದುಹಾಕಿತ್ತು. ಪಕ್ಕದಲ್ಲೇ ಇಲಿ ಕೊಳೆತರೂ ಅವನಿಗೆ ತಿಳಿಯುತ್ತಿರಲಿಲ್ಲ. ಸಾಲಿನಲ್ಲಿದ್ದ ಎಲ್ಲರಿಗೂ ಇದು ಗೊತ್ತು. ಆದರೂ ಊದುತ್ತಿದ್ದರು. ಅವನೂ ಮೂಸುತ್ತಿದ್ದ. ಅವನಿಗೆ ಯಾರ ಮೇಲೆ ಸಿಟ್ಟೋ ಅವಳ ಬಾಯಲ್ಲಿ ವಾಸನೆ ಬರುತ್ತಿತ್ತು.

ಇವತ್ತು ಮಾತ್ರ ಅವನಿಗೆ ಮೂಗು ಬೇಕಾಗಲಿಲ್ಲ. ಹುಡುಗಿಯ ಎಡಗೆನ್ನೆ ಬನ್ನಿನ ಹಾಗೆ ಊದಿತ್ತು. ಬೆರಳು ಹಾಕಿದ. ಅವಳು ಕಿರುಚಿದಳು. ಹುಳುಕು ಹಲ್ಲಿನ ಸಂದಿಯಿಂದ ಒಂದು ಲವಂಗ ಹೊರಗೆ ಬಂತು.

“ಸಾವ್ಕಾರ್ರೇ! ಸಿಕ್ತು ನೋಡಿ!”

ಸಾಲಿನ ಕೊನೆಯಿಂದ ಮೂಗಿನಕ್ಕ ಓಡಿಬಂದಳು. ಹುಡುಗಿ ಅವಳ ತಂಗಿ. ಮೂಗಿನಕ್ಕ ಎನ್ನುವುದು ಮಂಡಿಯವರು ಇಟ್ಟ ಹೆಸರು. ಇಪ್ಪತ್ತು ವರ್ಷ ಅದೇ ಧೂಳು ಕುಡಿದರೂ ಅವಳ ಮೂಗು ಸತ್ತಿರಲಿಲ್ಲ. ಚೀಲದ ಬಾಯಿ ಬಿಚ್ಚದೆಯೇ ಒಳಗಿನ ಕಾಳುಮೆಣಸು ಹೋದ ವರ್ಷದ್ದೋ ಈ ವರ್ಷದ್ದೋ ಹೇಳುತ್ತಿದ್ದಳು. ದೂರದಿಂದ ಬರುವ ವ್ಯಾಪಾರಿಗಳೂ ಅವಳು ಮೂಸಿ ಹೂಂ ಅಂದ ಮೇಲೆಯೇ ಚೀಲಕ್ಕೆ ಹೊಲಿಗೆ ಹಾಕಿಸುತ್ತಿದ್ದರು.

“ಹಲ್ಲುನೋವು ಸ್ವಾಮಿ ಅವಳಿಗೆ. ಮೂರು ದಿನದಿಂದ ನಿದ್ದೆ ಮಾಡಿಲ್ಲ. ನೆಲದ ಮೇಲೆ ಬಿದ್ದಿದ್ದು ಒಂದೇ ಒಂದು...”

“ನೆಲ ನಿಮ್ಮಪ್ಪಂದಾ?” ಸಾಹುಕಾರ ಆ ಲವಂಗವನ್ನು ಇಸಿದುಕೊಂಡು, ಎಂಜಲನ್ನು ಚೀಲಕ್ಕೆ ಒರೆಸಿ, ಹಿಂದಿದ್ದ ಲವಂಗದ ಗುಡ್ಡೆಗೇ ಎಸೆದ. “ನಾಳೆಯಿಂದ ಇವಳ ಮುಸುಡಿ ಈ ಗೇಟೊಳಗೆ ಕಾಣ್ಬಾರ್ದು.”

ಮೇಸ್ತ್ರಿ ಹುಡುಗಿಯ ಕತ್ತು ಹಿಡಿದು ಹೊರಗೆ ನೂಕಿದ. ಒಂದು ಮಂಡಿಯಲ್ಲಿ ಕಳ್ಳಿ ಅನ್ನಿಸಿಕೊಂಡವಳಿಗೆ ಆ ಬೀದಿಯ ಯಾವ ಮಂಡಿಯಲ್ಲೂ ಕೆಲಸವಿಲ್ಲ. ಮನೆಯೆಂಬ ಒಂದೇ ಕೋಣೆಯಲ್ಲಿ ತಂಗಿಯ ಕೂಸು, ಎದ್ದು ಕೂರಲಾಗದ ಅಮ್ಮ. ನಾಲ್ಕು ಬಾಯಿಗೆ ಇನ್ನು ಎರಡೇ ಕೈ.

ಮೂಗಿನಕ್ಕ ಕಾಲು ಹಿಡಿಯಲು ಬಗ್ಗಿದಳು. ಸಾಹುಕಾರ ಕಾಲು ಹಿಂದೆಳೆದುಕೊಂಡು ದನಿ ತಗ್ಗಿಸಿದ.

“ನೋಡು, ನಾಳೆ ಸರ್ಕಾರದಿಂದ ಲೆಕ್ಕದ ಸಾಹೇಬ್ರು ಬರ್ತಾರೆ. ಹಿಂದಿನ ಗೋಡೌನಿನ ಮುನ್ನೂರು ಚೀಲ ತೋರಿಸ್ತೀನಿ. ನೀನು ಮೂಸಿ ಹೂಂ ಅನ್ನು. ನಾಳಿದ್ದು ನಿನ್ನ ತಂಗಿ ಕೆಲಸಕ್ಕೆ ಬರ್ಲಿ. ಇಲ್ಲಾಂದ್ರೆ ಇಬ್ರೂ ಮನೇಲಿ ಕೂತ್ಕೊಂಡು ಒಬ್ಬರ ಹಲ್ಲು ಒಬ್ಬರು ನೋಡ್ಕೊಳ್ಳಿ.”

ಆ ಚೀಲಗಳು ಯಾವುವೆಂದು ಅವಳಿಗೆ ಗೊತ್ತಿತ್ತು. ಮಾಡು ಸೋರಿ ನೆನೆದ ಕಾಳುಮೆಣಸು. ಬೂಷ್ಟು ಹಿಡಿದು ಬೆಳ್ಳಗೆ ಗಡ್ಡ ಬಿಟ್ಟಿತ್ತು. ವಾರವಿಡೀ ಅದನ್ನು ಉಜ್ಜಿ, ಮಿಷನ್ನಿಗೆ ಹಾಕುವ ಎಣ್ಣೆ ಸವರಿ ಮಿಂಚಿಸಿದ್ದು ಇವರದೇ ಕೈಗಳು.

ಮರುದಿನ ತಂಗಿ ಗೇಟಿನ ಹೊರಗೇ ನಿಂತಿದ್ದಳು. ಗಲ್ಲಕ್ಕೆ ಬಟ್ಟೆ ಬಿಗಿದಿದ್ದಳು. ಗೇಟಿನ ಸರಳುಗಳ ನಡುವೆ ಅವಳ ಮುಖ ಕಾಣುತ್ತಿತ್ತು. ಹೋಗು ಎಂದು ಕಾವಲುಗಾರ ಎರಡು ಸಲ ಗದರಿದ. ಅಕ್ಕ ಹೇಳುವ ಒಂದು ಹೂಂಗಾಗಿ ಅವಳು ಕಾಯುತ್ತಿದ್ದಳು.

ಲೆಕ್ಕದ ಸಾಹೇಬ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡೇ ಬಂದ. ಕೆಟ್ಟ ಮನುಷ್ಯನ ಹಾಗೇನೂ ಕಾಣಲಿಲ್ಲ. ಮಾತಿಗೆ ಸಿಕ್ಕರೆ ಬಿಡುವವನಲ್ಲ. ಅವನ ಕೈಲಿದ್ದ ಹಾಳೆಯಲ್ಲಿ ಎರಡು ಕಾಲಂ: ‘ಜನರ ಆಹಾರಕ್ಕೆ’, ‘ಆಹಾರಕ್ಕಲ್ಲ’.

“ದೇಶದ ಜನಕ್ಕೆ ತಿನ್ನೋಕೆ ಎಷ್ಟು ಸಾಂಬಾರ ಪದಾರ್ಥ ಸಿಗುತ್ತೆ ಅಂತ ಒಟ್ಟು ಹಾಕಿ, ತಲೆಗಳಿಂದ ಭಾಗಿಸ್ತೀವಮ್ಮ,” ಎಂದು ಇನ್ನೊಂದು ಹಾಳೆ ಬಿಡಿಸಿ ತೋರಿಸಿದ. ಒಂದು ಕೆಂಪು ಗೆರೆ ಏಣಿಯ ಹಾಗೆ ಹತ್ತಿಕೊಂಡು ಹೋಗಿತ್ತು. “ಹತ್ತು ವರ್ಷದಿಂದ ಕೆಳಗೆ ಇಳಿದೇ ಇಲ್ಲ. ಈ ಸಲ ಯಾಕೋ ಬಗ್ಗೋ ಹಾಗಿದೆ. ಅದಕ್ಕೇ ಯಾವ ಮಂಡಿನೂ ಬಿಡ್ಬೇಡಿ ಅಂತ ಮೇಲಿಂದ ಹೇಳಿದಾರೆ.”

“ಆ ತಲೆಗಳಲ್ಲಿ ನಮ್ಮ ತಲೆನೂ ಇದೆಯಾ ಸ್ವಾಮಿ?” ಮೂಗಿನಕ್ಕ ಕೇಳಿದಳು.

“ಇಲ್ದೆ ಇರುತ್ತಾ? ಹಸುಗೂಸನ್ನೂ ಬಿಟ್ಟಿಲ್ಲ.”

“ಗೇಟಾಚೆ ನಿಂತಿದ್ದಾಳಲ್ಲ, ಅವಳದು?”

“ಅವಳದೂ ಇದೆ.”

“ಅವಳ ಪಾಲಿಗೆ ಎಷ್ಟು ಬರುತ್ತೆ?”

“ವರ್ಷಕ್ಕೆ ಎರಡು ಕೇಜಿ ಮೇಲೇನೇ.”

ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದ ಕೆಮ್ಮಜ್ಜಿ ಕೆಮ್ಮು ನಿಲ್ಲಿಸಿ ನಕ್ಕಳು. “ಎರಡು ಕೇಜಿನಾ! ನನ್ನ ಎರಡು ಕೇಜಿನ ಯಾವ ಬೇವರ್ಸಿ ತಿಂತಿದಾನೆ ಅಂತ ಹೇಳಿ ಸಾಹೇಬ್ರೇ, ಹೋಗಿ ಬಾಯಿ ಮೂಸಿ ಬರ್ತೀನಿ!”

ಹೆಂಗಸರು ನಗು ತಡೆಯಲಾಗದೆ ಒಬ್ಬರ ಬೆನ್ನಿಗೆ ಒಬ್ಬರು ಮುಖ ಒತ್ತಿದರು. “ಮುಚ್ಚೇ ಬಾಯಿ!” ಎಂದು ಮೇಸ್ತ್ರಿ ಅರಚಿದ. ಸಾಹುಕಾರ ಹಲ್ಲು ಕಿರಿದು, “ಅವರದು ಇದ್ದಿದ್ದೇ, ಬನ್ನಿ ಸಾರ್” ಎಂದು ಚೀಲವೊಂದರ ಬಾಯಿ ಬಿಚ್ಚಿಸಿ ಮೂಗಿನಕ್ಕನ ಕಡೆ ನೋಡಿದ.

ಅವಳು ಬೊಗಸೆಯಲ್ಲಿ ಮೆಣಸು ತುಂಬಿಕೊಂಡಳು. ಕಣ್ಣಿಗೆ ಕರಿಮಣಿಯ ಹಾಗೆ ಹೊಳೆಯುತ್ತಿತ್ತು. ಮೂಗಿಗೆ ಮೊದಲು ಎಣ್ಣೆ ಬಡಿಯಿತು, ಅದರಡಿ ಬೂಷ್ಟು, ಅದರಡಿ ಇಲಿಯ ಉಚ್ಚೆ. ಇದನ್ನು ಪುಡಿ ಮಾಡಿ ಸಣ್ಣ ಸಣ್ಣ ಪೊಟ್ಟಣ ಕಟ್ಟಿದರೆ ಯಾವ ಬೀದಿಯ ಅಂಗಡಿಗೆ ಬರುತ್ತದೆಂದು ಅವಳಿಗೆ ಹೇಳಿಕೊಡಬೇಕಿರಲಿಲ್ಲ. ತನ್ನ ಬೀದಿಗೇ ಬರುತ್ತದೆ. ಗೇಟಿನ ಕಡೆ ನೋಡಿದಳು. ತಂಗಿ ಎರಡೂ ಕೈಯಲ್ಲಿ ಸರಳು ಹಿಡಿದಿದ್ದಳು.

ಹೂಂ ಅನ್ನುವುದು ನಾಲಿಗೆಯ ತುದಿಗೂ ಬಂದಿತ್ತು.

“ಬೇಗ ಹೇಳಮ್ಮ,” ಅಂದ ಸಾಹೇಬ. “ನನಗೆ ಮೊದಲೇ ನೆಗಡಿ. ನೀನು ಹೂಂ ಅಂದ್ರೆ ಮೊದಲನೇ ಕಾಲಂ.”

ಮೂಗಿನಕ್ಕ ಬೊಗಸೆ ಹಿಡಿದುಕೊಂಡೇ ನಾಲ್ಕು ಹೆಜ್ಜೆ ನಡೆದು ಸಾಹುಕಾರನ ಎದುರು ನಿಂತಳು.

“ಬಾಯಿ ತೆಗೀರಿ.”

“ಏನು?”

“ಆ ಅನ್ನಿ ಸಾವ್ಕಾರ್ರೇ. ಇನ್ನೂ ಅಗಲ. ಅನ್ನ ತಿನ್ನೋವಾಗ ತೆಗಿಯಲ್ವಾ?”

ತೊಟ್ಟು ಮುರಿಯುವ ಸದ್ದು ನಿಂತಿತು. ಮೇಸ್ತ್ರಿ ಅವಳ ರಟ್ಟೆಗೆ ಕೈ ಹಾಕಿದ.

“ಬಿಡೋ! ಇದರ ನಾತ ಆ ಗೇಟಿನವರೆಗೂ ಹೊಡೀತಿದೆ. ನಿನಗೆ ಬರ್ತಿದ್ಯಾ? ಬರಲ್ಲ. ಸತ್ತ ಮೂಗು ಇಟ್ಕೊಂಡು ಏಳು ವರ್ಷದಿಂದ ನಮ್ಮ ಬಾಯಿ ಮೂಸ್ತಿದೀಯ, ನಾಯಿ!” ಸಾಹೇಬನ ಕಡೆ ತಿರುಗಿದಳು. “ಬರ್ಕೊಳ್ಳಿ. ಇದು ಮನುಷ್ಯರು ತಿನ್ನೋದಲ್ಲ. ಅಲ್ಲ ಅಂದ್ರೆ ಇವರು ಒಂದು ಹಿಡಿ ತಿನ್ಲಿ, ನಾನು ನೋಡ್ತೀನಿ.”

ಸಾಹುಕಾರನ ತುಟಿಗಳು ಅಂಟು ಹಾಕಿದ ಹಾಗೆ ಮುಚ್ಚಿಕೊಂಡವು. ಸಾಹೇಬ ಅವಳ ಬೊಗಸೆ ನೋಡಿದ, ಕೆಂಪು ಗೆರೆ ನೋಡಿದ, ಗಡಿಯಾರ ನೋಡಿಕೊಂಡ. ಪೆನ್ನಿನ ಮುಚ್ಚಳ ತೆಗೆದು, ಮೊದಲನೇ ಕಾಲಮಿನಲ್ಲಿ ಮುನ್ನೂರು ಎಂದು ಬರೆದು, ಕೆಳಗೆ ಸಹಿ ಹಾಕಿ, ಯಾರ ಮುಖವನ್ನೂ ನೋಡದೆ ಹೊರಟುಹೋದ.

ಸಂಜೆಗೆ ಲಾರಿ ತುಂಬಿತು. ಗೇಟಿನ ಮುಂದೆ ಹೆಂಗಸರ ಸಾಲು ನಿಂತಿತು. ಎಲ್ಲರಿಗಿಂತ ಮುಂದೆ ಮೂಗಿನಕ್ಕ. ಅವಳಿಗೆ ಇದು ಕೊನೆಯ ದಿನವೆಂದು ಸಾಹುಕಾರ ಆಗಲೇ ಹೇಳಿ ಮುಗಿಸಿದ್ದ.

“ತೆಗಿ ಬಾಯಿ,” ಅಂದ ಮೇಸ್ತ್ರಿ.

ಅವಳು ತೆಗೆಯಲಿಲ್ಲ. ಅವನು ಪಕ್ಕದವಳಿಗೆ ಹೇಳಿದ. ಅವಳೂ ತೆಗೆಯಲಿಲ್ಲ. ಕೆಮ್ಮಜ್ಜಿಗೆ ಕೆಮ್ಮು ಒತ್ತರಿಸಿ ಬಂದು ಕಣ್ಣಲ್ಲಿ ನೀರಿಳಿಯುತ್ತಿತ್ತು. ಎರಡೂ ಕೈಯಲ್ಲಿ ಬಾಯಿ ಒತ್ತಿ ಹಿಡಿದು, ಮೈಯೆಲ್ಲ ಕುಲುಕಿಸುತ್ತ ನಿಂತಿದ್ದಳು.

“ಬಾಯಿ ತೆಗೆಯೋವರೆಗೂ ಒಬ್ಬಳೂ ಆಚೆ ಹೋಗಲ್ಲ!” ಸಾಹುಕಾರ ಕೂಗಿದ. ಬೆನ್ನ ಹಿಂದೆ ಲಾರಿಯವನು ಒಂದೇ ಸಮನೆ ಹಾರನ್ ಹೊಡೆಯುತ್ತಿದ್ದ. ಹೆಂಗಸರು ಅಲುಗಲಿಲ್ಲ. “ಏ, ಮೊದಲು ಲಾರಿ ಬಿಡು! ಗೇಟು ತೆಗಿ!”

ಕಾವಲುಗಾರ ಅಗುಳಿ ಎಳೆದು ಗೇಟನ್ನು ಹೊರಕ್ಕೆ ನೂಕಿದ. ಅದು ಒಂದು ಬೆರಳಿನಷ್ಟು ಜರುಗಿ ನಿಂತಿತು. ಮೇಸ್ತ್ರಿಯೂ ಹೆಗಲು ಕೊಟ್ಟ. ಆಚೆ, ಎರಡು ಬಾಗಿಲು ಕೂಡುವಲ್ಲಿ, ಊದಿದ ಗಲ್ಲದ ತಂಗಿ ಗೇಟಿಗೆ ಬೆನ್ನು ಕೊಟ್ಟು, ರಸ್ತೆಯ ಕಲ್ಲಿಗೆ ಕಾಲು ಒತ್ತಿಕೊಂಡು ಕೂತಿದ್ದಳು.