ಅಡಿಗೆ ಬಂದ ಅಕ್ಕ

ವಿಮಾನ ನಿಲ್ದಾಣದ ಗೋಪುರದಲ್ಲಿ ಅವಳು ಎಲ್ಲರಿಗೂ ಅಕ್ಕ. ಕೆಲಸಕ್ಕೆ ಸೇರಿದಾಗಿನಿಂದ ಪೈಲಟ್‌ಗಳಿಗೆ ಎತ್ತರವನ್ನು ಮೀಟರಿನಲ್ಲೇ ಹೇಳಿ ನಾಲಿಗೆ ಪಳಗಿಹೋಗಿತ್ತು. ಅಷ್ಟರಲ್ಲಿ ಮೇಲಿನಿಂದ ಆದೇಶ ಬಂತು: ಅಕ್ಕಪಕ್ಕದ ದೇಶಗಳಂತೆ ಇನ್ನು ನಮ್ಮಲ್ಲೂ ಅಡಿಯ ಲೆಕ್ಕ, ಎಲ್ಲರೂ ಹೊಸದಾಗಿ ಪರೀಕ್ಷೆ ಕೊಡಬೇಕು.

ತರಬೇತಿ ಕೋಣೆಯಲ್ಲಿ ಅಕ್ಕ ಬಾಯಿತಪ್ಪಿ "ಮೀಟರ್" ಅಂದಳು. ಪರದೆಯ ಮೇಲೆ ಎರಡು ನಕಲಿ ವಿಮಾನಗಳ ಚುಕ್ಕೆಗಳು ಒಂದಕ್ಕೊಂದು ತಾಗಿ ಕೆಂಪಗಾದವು. ಫೇಲು.

ಮುಖ್ಯಸ್ಥರು ಮೆತ್ತಗೆ ಹೇಳಿದರು: "ನಿವೃತ್ತಿ ಹತ್ತಿರ ಬಂತಲ್ಲಕ್ಕಾ, ಈ ತಲೆನೋವು ಯಾಕೆ? ಕೆಳಗಿನ ಆಫೀಸಿಗೆ ಹಾಕಿಸ್ತೀನಿ, ಆರಾಮಾಗಿರಿ."

"ಆರಾಮ ಎಲ್ಲಿ ಓಡಿಹೋಗುತ್ತೆ ಸಾರ್? ಇನ್ನೊಂದು ಸಲ ಕೂರ್ತೀನಿ."

ಅವಳ ಗಂಡ ಟೈಲರ್. "ಹುಟ್ಟಿದಾಗಿಂದ ಇಂಚು, ಅಡೀನೇ ಅಳೆದವನು ನಾನು, ನಾನೇ ಕಲಿಸ್ತೀನಿ" ಎಂದು ಹೊಲಿಗೆ ಯಂತ್ರದ ಮುಂದೆ ಕೂತೇ ಪೈಲಟ್ ಆದ. ಅವಳು ಪಾತ್ರೆ ತಿಕ್ಕುತ್ತಿದ್ದರೆ ಇತ್ತಿಂದ ಕೂಗು: "ಏಳು ಸಾವಿರದಲ್ಲಿದ್ದೀನಿ, ಇಳೀಲಾ?"

"ಏಳು ಸಾವಿರ ಏನ್ರೀ? ಬರೀ ಅಂಕಿ ಹೇಳಿದ್ರೆ ಇಳಿಸಲ್ಲ!"

"ಅಡಿ ತಾಯಿ, ಅಡಿ! ಊಟಕ್ಕಾದ್ರೂ ಇಳಿಸು."

ಮನಸ್ಸಿನಲ್ಲೇ ಮೀಟರಿಗೆ ತಿರುಗಿಸಿ ನೋಡುವ ಚಾಳಿಯನ್ನು ಅವಳು ಹಟ ಹಿಡಿದು ಬಿಟ್ಟಳು. ಎರಡನೇ ಸಲ ಪಾಸಾದಳು.

ಹೊಸ ಲೆಕ್ಕ ಜಾರಿಯಾದ ಬೆಳಿಗ್ಗೆ ಅಕ್ಕನದೇ ಪಾಳಿ. ನಾಲ್ಕು ಸಾವಿರ ಅಡಿಯಲ್ಲಿ ಒಂದು ವಿಮಾನ ಸುತ್ತು ಹಾಕುತ್ತ ಇಳಿಯಲು ಕಾಯುತ್ತಿತ್ತು. ಅದರ ಕೆಳಗೆ ಆಗಷ್ಟೇ ನೆಲ ಬಿಟ್ಟ ವಿಮಾನಕ್ಕೆ ಅಕ್ಕ, "ಮೂರು ಸಾವಿರ ಅಡಿಗೆ ಏರಿ" ಎಂದಳು.

"ಮೂರು ಸಾವಿರ ಮೀಟರಿಗೆ ಏರ್ತಿದ್ದೀವಿ" ಎಂದಿತು ಪೈಲಟ್‌ನ ದನಿ.

ಮೂರು ಸಾವಿರ ಮೀಟರೆಂದರೆ ಹತ್ತಿರಹತ್ತಿರ ಹತ್ತು ಸಾವಿರ ಅಡಿ. ಅಷ್ಟೆತ್ತರಕ್ಕೆ ಹೋದರೆ ಮೇಲಿನ ವಿಮಾನದ ಹೊಟ್ಟೆಗೇ ನುಗ್ಗಬೇಕು. ಅಕ್ಕ ತಡಮಾಡಲಿಲ್ಲ. "ತಪ್ಪು. ಮೀಟರ್ ಅಲ್ಲ, ಅಡಿ. ಮೂರು ಸಾವಿರ ಅಡಿಯಲ್ಲೇ ನಿಲ್ಲಿ."

ಪೈಲಟ್ ತಿದ್ದಿಕೊಂಡ: "ಮೂರು ಸಾವಿರ ಅಡಿ. ಕ್ಷಮಿಸಿ."

ಚುಕ್ಕೆ ಹೇಳಿದ ಎತ್ತರದಲ್ಲೇ ಉಳಿಯಿತು. ಇನ್ನೊಂದು ಅದರ ಮೇಲಿಂದ ಸದ್ದಿಲ್ಲದೆ ದಾಟಿತು. ಪಾಳಿ ಮುಗಿಸಿ ಅವಳು ಎದ್ದಳು. ಮುಖ್ಯಸ್ಥರು ನೀರಿನ ಲೋಟ ಕೊಟ್ಟರು.

"ಇನ್ನೂ ಪಾಸಾಗದವರಿಗೆ ನೀವೇ ಪಾಠ ಮಾಡ್ಬೇಕಕ್ಕಾ."

"ಮಾಡ್ತೀನಿ ಸಾರ್" ಎಂದು ಅವಳು ಲೋಟ ಕೆಳಗಿಟ್ಟಳು. "ಆದ್ರೆ ಈ ಕುರ್ಚಿ ಬಿಟ್ಟುಕೊಡಲ್ಲ. ನಾಳೆ ಬೆಳಿಗ್ಗೆ ಪಾಳೀನೂ ನಂದೇ."